ಚಾಚಾರ ಅಂಗಡಿಯ ಬಾಣ ಎಲ್ಲಿ ಹೋಯಿತು?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಚಾಚಾರ ಹಾರ್ಡ್‌ವೇರ್ ಅಂಗಡಿ ಹರಿಹರದಲ್ಲಿದೆ, ನಮ್ಮ ಮನೆ ದಾವಣಗೆರೆಯಲ್ಲಿ. ನಡುವೆ ಸುಮಾರು 14 ಕಿ.ಮೀ. ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಆ ಅಂಗಡಿಯ ಲೆಕ್ಕ ಬರೆಯುವ ಕೆಲಸ ನನಗೆ ಬಂತು. ನಾನು ದಿನಾ ಅಲ್ಲಿಗೆ ಹೋಗುವುದಿಲ್ಲ. ಕಾಲೇಜಿನಿಂದ ಬಂದು, ಚಹಾ ಕುಡಿದು, ಭಾಯಿಯ ಹಳೆಯ ಲ್ಯಾಪ್‌ಟಾಪ್ ತೆರೆದು, ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶದ ಮೂಲಕ ಅಂಗಡಿಯ ಕಂಪ್ಯೂಟರಿಗೆ ಸೇರಿಕೊಂಡು, ಅಲ್ಲಿನ ಟ್ಯಾಲಿಯಲ್ಲಿ ಬಿಲ್ಲುಗಳನ್ನು ಏರಿಸುತ್ತೇನೆ. ತಿಂಗಳಿಗೆ ಎರಡು ಸಾವಿರ ರೂಪಾಯಿ ಕೊಡುತ್ತಾರೆ. ಅಬ್ಬಾಗೆ ಇದು ಅಷ್ಟು ಇಷ್ಟವಿರಲಿಲ್ಲ. "ಹುಡುಗಿ ಓದಲಿ, ಲೆಕ್ಕಕ್ಕೆ ಆಡಿಟರ್ ಆಫೀಸಿನ ಹುಡುಗರಿದ್ದಾರಲ್ಲ" ಎಂದಿದ್ದರು. ಹಾಗಾಗಿ ಒಂದು ಸಲ ಎಡವಿದರೂ ಕೆಲಸ ಹೋಗುತ್ತದೆ ಎಂಬ ಭಯ ನನಗೆ ಮೊದಲಿನಿಂದಲೂ ಇತ್ತು.

ಅವತ್ತು ತಿಂಗಳ 11ನೇ ತಾರೀಕು. ವಾಣಿಜ್ಯ ಓದುವವರಿಗೆ ಈ ದಿನಾಂಕ ಗೊತ್ತಿರಬೇಕು. ಪ್ರತಿ ತಿಂಗಳು ಜಿಎಸ್‌ಟಿ ಲೆಕ್ಕ ಕೊಡುವವರು ಹಿಂದಿನ ತಿಂಗಳ ಮಾರಾಟದ ವಿವರವನ್ನು ಜಿಎಸ್‌ಟಿಆರ್-1ರಲ್ಲಿ ಸಲ್ಲಿಸಲು ಅದೇ ಕೊನೆಯ ದಿನ. ತಪ್ಪಿದರೆ ನಷ್ಟ ನಮಗಷ್ಟೇ ಅಲ್ಲ. ನಮ್ಮಿಂದ ಮಾಲು ಕೊಂಡ ಕಂಟ್ರಾಕ್ಟರುಗಳ ಆ ತಿಂಗಳ ಜಿಎಸ್‌ಟಿಆರ್-2ಬಿಯಲ್ಲಿ ನಮ್ಮ ಬಿಲ್ಲು ಕಾಣುವುದಿಲ್ಲ, ಅವರ ಇನ್‌ಪುಟ್ ಕ್ರೆಡಿಟ್ ಮುಂದಕ್ಕೆ ಹೋಗುತ್ತದೆ. ಅಂಥ ಗಿರಾಕಿ ಮತ್ತೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಾನೆಯೇ?

ಮಗ್ರಿಬ್ ಆದ ಮೇಲೆ ಕೂತೆ. ಚಾಚಾ ಅಂದು ಬೇಗ ಅಂಗಡಿ ಮುಚ್ಚಿ ಮನೆಗೆ ಹೋಗಿದ್ದರು. ಕಂಪ್ಯೂಟರನ್ನು ಮಾತ್ರ ನನಗಾಗಿ ಚಾಲೂ ಇಟ್ಟಿದ್ದರು. ಪರದೆ ಬಂತು. ಟ್ಯಾಲಿ ಬಂತು. ಬಾಣ ಇಲ್ಲ.

ಫೋನ್ ಮಾಡಿದೆ. "ತೀರ್ ಕಾಂ ಗಯಾ ಬೇಟಿ? ಸುಬೂ ತೋ ಥಾ" ಎಂದರು ಚಾಚಾ. ಬೆಳಿಗ್ಗೆ ಇತ್ತಂತೆ. ನಮ್ಮ ಮನೆಯಲ್ಲಿ ಅದು ತೀರ್, ಲ್ಯಾಬಿನ ಮೇಡಂ ಬಾಯಲ್ಲಿ ಕರ್ಸರ್. ನಾನು ಇಲ್ಲಿ ಬಾಣ ಎಂದೇ ಬರೆಯುತ್ತೇನೆ.

ಗಾಬರಿಯಲ್ಲೂ ಒಂದು ವಿಷಯ ಗಮನಿಸಿದೆ. ಲ್ಯಾಪ್‌ಟಾಪಿನ ಮೌಸ್ ಆಡಿಸಿದರೆ ನನ್ನ ಬಾಣ ಚೆನ್ನಾಗಿಯೇ ಓಡುತ್ತಿತ್ತು. ಅಂಗಡಿಯ ಪರದೆ ತೋರಿಸುವ ಕಿಟಕಿಯೊಳಗೆ ಹೋದ ತಕ್ಷಣ ಮಾಯ, ಅಂಚು ದಾಟಿ ಹೊರಬಂದರೆ ಪ್ರತ್ಯಕ್ಷ. ಒಳಗೆ ಅಂದಾಜಿನ ಮೇಲೆ ಒತ್ತಿದರೆ ಕ್ಲಿಕ್ ಬೀಳುತ್ತಿತ್ತು, ಮೆನುಗಳು ತೆರೆಯುತ್ತಿದ್ದವು. ಅಂದರೆ ಮೌಸ್ ಕೆಲಸ ಮಾಡುತ್ತಿದೆ, ಬಾಣದ ಚಿತ್ರ ಮಾತ್ರ ಇಲ್ಲ.

ರಿಮೋಟ್ ಡೆಸ್ಕ್‌ಟಾಪಿನಲ್ಲಿ ಬಾಣದ ತೊಂದರೆ ಬಂದರೆ ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಯಾರ ಬಾಣ ಎಂದು. ಒಂದೇ ಕಂಪ್ಯೂಟರಿನ ಮುಂದೆ ಕೂತಾಗ ಈ ಪ್ರಶ್ನೆ ಹುಟ್ಟುವುದಿಲ್ಲ. ದೂರದಿಂದ ಕೂತಾಗ ಎರಡು ಬಾಣಗಳಿರುತ್ತವೆ: ನಮ್ಮ ಕಂಪ್ಯೂಟರಿನದೊಂದು, ಆ ಕಡೆಯದೊಂದು. ಎರಡೂ ಕಂಡರೆ ಗೊಂದಲ. ಆದ್ದರಿಂದ ತಂತ್ರಾಂಶ ಒಂದನ್ನು ಅಡಗಿಸಿ ಇನ್ನೊಂದನ್ನು ತೋರಿಸುತ್ತದೆ. ವಿಂಡೋಸ್ ಜೊತೆಗೇ ಬರುವ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಆ ಕಡೆಯ ಯಂತ್ರ ಬಾಣದ ಆಕಾರವನ್ನು ಮಾತ್ರ ಕಳಿಸುತ್ತದೆ. ಅದನ್ನು ಬಿಡಿಸಿ ಓಡಿಸುವುದು ನಮ್ಮ ಕಂಪ್ಯೂಟರೇ. ಅದಕ್ಕೇ ನೆಟ್ ನಿಧಾನವಿದ್ದರೂ ಅದರಲ್ಲಿ ಬಾಣ ಸರಾಗವಾಗಿ ಓಡುತ್ತದೆ, ಒತ್ತಿದ್ದರ ಫಲ ಮಾತ್ರ ತಡವಾಗಿ ಬರುತ್ತದೆ. ಬೇರೆ ಕೆಲವು ತಂತ್ರಾಂಶಗಳು ಆ ಕಡೆಯ ಬಾಣವನ್ನೇ ನಮಗೆ ತೋರಿಸಬಲ್ಲವು.

ದೂರದ ಯಂತ್ರವನ್ನು ಬಾಣದಿಂದ ನಡೆಸುವುದು ಮೌಸಿನಷ್ಟೇ ಹಳೆಯ ಕಥೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಮೌಸನ್ನು ಕಂಡುಹಿಡಿದ ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಅದನ್ನು ಜನರೆದುರು ತೋರಿಸಿದರು. ಅವರು ನಡೆಸುತ್ತಿದ್ದ ಕಂಪ್ಯೂಟರ್ ಆ ಸಭಾಂಗಣದಲ್ಲಿರಲಿಲ್ಲ. ಅದು ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿತ್ತು. ಪರದೆಯ ಮೇಲೆ ಓಡುವ ಗುರುತನ್ನು ಅವರು ಬಗ್, ಅಂದರೆ ಹುಳ ಎಂದು ಕರೆಯುತ್ತಿದ್ದರು. ಹರಿಹರ ಅದರ ಮುಂದೆ ಹತ್ತಿರವೇ!

ನನ್ನ ಹುಳ ಸಿಕ್ಕಿದ್ದು ಹೀಗೆ. ಅರ್ಧ ಗಂಟೆ ಹುಡುಕಿದ ಮೇಲೆ ಚಾಚಾಗೆ ಮತ್ತೆ ಫೋನ್ ಮಾಡಿ, "ಕಂಪ್ಯೂಟರಿಗೆ ಮೌಸ್ ಸಿಕ್ಕಿಸಿದೆ ತಾನೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: ಬಿಲ್ಲಿಂಗ್ ಕೌಂಟರಿನ ಮೌಸ್ ಕೆಟ್ಟಿತ್ತು, ಅಂಗಡಿಯ ಹುಡುಗ ಮಧ್ಯಾಹ್ನ ಇದರ ಮೌಸ್ ಕಿತ್ತು ಅಲ್ಲಿಗೆ ಹಾಕಿದ್ದ. ಇಷ್ಟೇ ಕಾರಣ. ಯಾವ ಮೌಸೂ ಸಿಕ್ಕಿಸಿಲ್ಲದಿದ್ದರೆ ಇತ್ತೀಚಿನ ವಿಂಡೋಸ್ ಬಾಣವನ್ನು ತೋರಿಸುವುದೇ ಇಲ್ಲ. ಮೌಸ್ ಇಲ್ಲದವನಿಗೆ ಬಾಣ ಯಾಕೆ ಎಂಬುದು ಅದರ ಲೆಕ್ಕ. ದೂರದಲ್ಲಿ ಒಬ್ಬಳು ಕೂತಿದ್ದಾಳೆ ಎಂಬುದು ಆ ಲೆಕ್ಕದಲ್ಲಿಲ್ಲ. ಅಲ್ಲಿ ಬಾಣವೇ ಅಡಗಿದ್ದರಿಂದ ನನ್ನ ಕಡೆ ತೋರಿಸಲು ತಂತ್ರಾಂಶದ ಬಳಿ ಏನೂ ಇರಲಿಲ್ಲ.

ಅಂಗಡಿಗೆ ಬೀಗ ಬಿದ್ದಿತ್ತು. ಆ ಹೊತ್ತಿನಲ್ಲಿ ಚಾಚಾರನ್ನು ಮತ್ತೆ ಹೊರಡಿಸುವ ಮನಸ್ಸಾಗಲಿಲ್ಲ. ಟ್ಯಾಲಿಗೆ ಮೌಸ್ ಬೇಕೇ ಬೇಕೆಂದಿಲ್ಲ ಎನ್ನುವುದು ನನ್ನ ಪುಣ್ಯ. ಮಾರಾಟಕ್ಕೆ ಎಫ್8, ಖರೀದಿಗೆ ಎಫ್9, ಪಾವತಿಗೆ ಎಫ್5, ಒಪ್ಪಿಗೆಗೆ ಕಂಟ್ರೋಲ್ ಎ. ಉಳಿದಿದ್ದ ಬಿಲ್ಲುಗಳನ್ನೆಲ್ಲ ಕೀಬೋರ್ಡಿನಲ್ಲೇ ಮುಗಿಸಿದೆ. ಕೀಬೋರ್ಡ್ ಶಾರ್ಟ್‌ಕಟ್ ಬಾಯಿಪಾಠ ಮಾಡಿ ಎಂದು ಮೇಡಂ ಹೇಳುವಾಗ ನಾನು ಗೊಣಗಿದ್ದೆ, ಕ್ಷಮೆ ಇರಲಿ. ಆದರೆ ಫೈಲನ್ನು ಆಡಿಟರಿಗೆ ಇಮೇಲ್ ಮಾಡಲು ಬ್ರೌಸರಿಗೆ ಹೋಗಬೇಕು. ಅಲ್ಲಿ ಟ್ಯಾಬ್ ಒತ್ತಿ ಒತ್ತಿ ಸಾಕಾಯಿತು.

ಇದಕ್ಕೆ ಉಪಾಯ ವಿಂಡೋಸ್ ಒಳಗೇ ಇದೆ, ಹೆಸರು ಮೌಸ್ ಕೀಸ್. ಕೈ ನಡುಗುವವರು ಅಥವಾ ಮೌಸ್ ಹಿಡಿಯಲಾಗದವರು ಕೀಬೋರ್ಡಿನ ನಂಬರ್ ಗುಂಡಿಗಳಿಂದ ಬಾಣ ಓಡಿಸಲಿ ಎಂದು ಮಾಡಿದ ಸೌಲಭ್ಯ ಅದು. ಅದನ್ನು ಚಾಲೂ ಮಾಡಿದರೆ ಬಾಣ ಬೇಕು ಎಂದು ವಿಂಡೋಸ್ ಒಪ್ಪಿಕೊಂಡು ಅದನ್ನು ಮತ್ತೆ ತೋರಿಸುತ್ತದೆ. ಸ್ಟಾರ್ಟ್ ಮೆನು ತೆರೆದು ಇಂಗ್ಲಿಷ್ ಅಕ್ಷರದಲ್ಲಿ ಮೌಸ್ ಕೀಸ್ ಎಂದು ಹೊಡೆದರೆ ಆ ಸೆಟ್ಟಿಂಗ್ ಸಿಗುತ್ತದೆ. ಇಲ್ಲಿ ಒಂದು ಸಣ್ಣ ಬಲೆ ಇದೆ: ವಿಂಡೋಸ್ ಗುಂಡಿ ಒತ್ತಿದಾಗ ಹರಿಹರದ ಸ್ಟಾರ್ಟ್ ಮೆನುವಿನ ಬದಲು ನನ್ನ ಲ್ಯಾಪ್‌ಟಾಪಿನದೇ ತೆರೆಯಿತು. ಅಂಥ ವಿಶೇಷ ಗುಂಡಿಗಳನ್ನು ಆ ಕಡೆಗೆ ಕಳಿಸು ಎಂಬ ಆಯ್ಕೆ ಇಂಥ ತಂತ್ರಾಂಶಗಳ ಮೆನುವಿನಲ್ಲಿರುತ್ತದೆ, ಅದನ್ನು ಮೊದಲು ಒತ್ತಬೇಕು. ವಿಂಡೋಸಿನದೇ ರಿಮೋಟ್ ಡೆಸ್ಕ್‌ಟಾಪ್ ಆದರೆ ಆಲ್ಟ್ ಮತ್ತು ಹೋಮ್ ಒಟ್ಟಿಗೆ ಒತ್ತಿದರೆ ಆ ಕಡೆಯ ಸ್ಟಾರ್ಟ್ ಮೆನು ತೆರೆಯುತ್ತದೆ.

ಬಾಣ ಬಂತು. ಒಂಬತ್ತೂವರೆಗೆ ಫೈಲು ಆಡಿಟರಿಗೆ ಹೋಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಚಾಚಾರ ಫೋನ್. ಹೊಸ ಮೌಸ್ ತಂದು ಸಿಕ್ಕಿಸಿದ್ದಾರೆ, ಆದರೆ ಮೊತ್ತ ಬರೆಯಲು ಬಲಗಡೆಯ ನಂಬರ್ ಗುಂಡಿ ಒತ್ತಿದರೆ ಅಂಕಿ ಬೀಳದೆ ಬಾಣ ಓಡುತ್ತಿದೆ! ಮೌಸ್ ಕೀಸ್ ಆರಿಸುವುದನ್ನು ನಾನು ಮರೆತಿದ್ದೆ. ಅದು ಚಾಲೂ ಇದ್ದರೆ ಆ ಗುಂಡಿಗಳು ಅಂಕಿಯ ಕೆಲಸ ಬಿಟ್ಟು ಬಾಣದ ಕೆಲಸಕ್ಕೆ ಹೋಗುತ್ತವೆ. ಲೆಕ್ಕದವರಿಗೆ ಇದಕ್ಕಿಂತ ದೊಡ್ಡ ಪೀಡೆ ಇಲ್ಲ. ಆದ್ದರಿಂದ ನೀವು ಈ ಉಪಾಯ ಮಾಡಿದರೆ, ಮೌಸ್ ವಾಪಸ್ ಬಂದ ತಕ್ಷಣ ಆರಿಸಿಬಿಡಿ. ಇನ್ನೂ ಸುಲಭದ ದಾರಿಯೆಂದರೆ, ದೂರದ ಕಂಪ್ಯೂಟರಿಗೆ ಯಾವುದೋ ಒಂದು ಹಳೇ ಮೌಸನ್ನು ಸದಾ ಸಿಕ್ಕಿಸಿಡುವುದು.

ಈ ಪ್ರಸಂಗವನ್ನು ಕ್ಲಾಸಿನಲ್ಲಿ ಹೇಳಿದ ಮೇಲೆ ಬೇರೆ ಬೇರೆ ಬಾಣಗಳ ದೂರು ನನ್ನ ಹತ್ತಿರ ಬರತೊಡಗಿದವು. ಗೆಳತಿಯೊಬ್ಬಳ ದೂರು ತುಂಬಾ ವಿಚಿತ್ರವಾಗಿತ್ತು. ಅವಳಿಗೆ ಬಾಣ ಕಾಣುತ್ತದೆ, ಆದರೆ ಒತ್ತಿದ್ದು ಒಂದು ಕಡೆ, ಬೀಳುವುದು ಇನ್ನೊಂದು ಕಡೆ. ಪರದೆಯ ಎಡ ಮೇಲಿನ ಮೂಲೆಯಲ್ಲಿ ಎಲ್ಲ ಸರಿ. ಬಲಕ್ಕೂ ಕೆಳಕ್ಕೂ ಹೋದಷ್ಟು ತಪ್ಪು ಹೆಚ್ಚುತ್ತದೆ. ಇದು ಶುದ್ಧ ಶೇಕಡಾ ಲೆಕ್ಕ, ನಮ್ಮ ವಿಭಾಗದ್ದೇ ವಿಷಯ. ಅಕ್ಷರ ದೊಡ್ಡದಾಗಿ ಕಾಣಲೆಂದು ಲ್ಯಾಪ್‌ಟಾಪುಗಳಲ್ಲಿ ಸ್ಕೇಲಿಂಗ್ ಅನ್ನು 125% ಅಥವಾ 150% ಇಟ್ಟಿರುತ್ತಾರೆ. 1920 ಅಡ್ಡ, 1080 ಉದ್ದ ಚುಕ್ಕಿಗಳ ಪರದೆಗೆ 125% ಇಟ್ಟರೆ, ಇದನ್ನು ಅರಿಯದ ಹಳೆಯ ತಂತ್ರಾಂಶಕ್ಕೆ ಪರದೆ 1536 ಅಡ್ಡ, 864 ಉದ್ದವೆಂದು ತೋರುತ್ತದೆ. ಅದು 80 ಎಂದುಕೊಂಡ ಜಾಗ ನಿಜದಲ್ಲಿ 100, ವ್ಯತ್ಯಾಸ ಬರೀ 20 ಚುಕ್ಕಿ. ಅದು 1200 ಎಂದುಕೊಂಡದ್ದು ನಿಜದಲ್ಲಿ 1500, ಅಲ್ಲಿ 300 ಚುಕ್ಕಿಗಳ ವ್ಯತ್ಯಾಸ. ತಪ್ಪು ಹೀಗೆ ಬೆಳೆಯುತ್ತ ಹೋದರೆ ಸ್ಕೇಲಿಂಗಿನ ಮೇಲೇ ಅನುಮಾನ ಪಡಬಹುದು. ಎರಡೂ ಕಡೆ 100% ಇಟ್ಟು, ಸೈನ್ ಔಟ್ ಆಗಿ ಮತ್ತೆ ಒಳಗೆ ಬಂದು ನೋಡಿ. ಅಕ್ಷರ ತೀರಾ ಚಿಕ್ಕದಾಯಿತು ಎನ್ನುವವರು ತಂತ್ರಾಂಶದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ಎಂದು ಹೋಗಿ, ಓವರ್‌ರೈಡ್ ಎಂಬುದಕ್ಕೆ ಗುರುತು ಹಾಕಿ, ಅದರ ಕೆಳಗೆ ಅಪ್ಲಿಕೇಶನ್ ಎಂದು ಆರಿಸಬಹುದು. ಗೆಳತಿಗೆ ಕೆಲಸ ಮಾಡಿದ್ದು ಈ ಎರಡನೆಯದು.

ಎರಡು ಬಾಣ ಕಾಣುತ್ತವೆ, ಒಂದು ಇನ್ನೊಂದರ ಹಿಂದೆ ಬಾಲದಂತೆ ಓಡುತ್ತದೆ ಎಂದರೆ, ಹಿಂದಿನದು ಆ ಕಡೆಯ ಬಾಣ. ನಡುವಿನ ಅಂತರವೇ ನಿಮ್ಮ ನೆಟ್‌ನ ತಡ. ಆ ಕಡೆಯ ಬಾಣ ತೋರಿಸುವ ಆಯ್ಕೆಯನ್ನು ತೆಗೆದುಬಿಡಿ, ಚಿತ್ರದ ಗುಣಮಟ್ಟ ಇಳಿಸಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಷ್ಟೇ ಆಗುವುದು. ಆ ಕಡೆ ಎರಡು ಮಾನಿಟರ್ ಇದ್ದರೆ ಬಾಣ ನಿಮಗೆ ಕಾಣದ ಮಾನಿಟರಿನಲ್ಲಿ ಅಡ್ಡಾಡುತ್ತಿರಬಹುದು. ಅಕ್ಷರಗಳ ಮೇಲೆ ಹೋದಾಗ ಮಾತ್ರ ಮಾಯವಾದರೆ, ಆ ಕಡೆಯ ಮೌಸ್ ಸೆಟ್ಟಿಂಗಿನಲ್ಲಿ ಕಪ್ಪು ಬಾಣದ ಗುಂಪನ್ನು ಆರಿಸಿ.

ಬಾಣ ಓಡುತ್ತದೆ, ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ ಎಂಬುದಕ್ಕೆ ಕಾರಣ ಬೇರೆ. ಆ ಕಡೆ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಯುವ ಕಿಟಕಿ ಮುಂದೆ ಬಂದಿದ್ದರೆ, ಸಾಮಾನ್ಯ ಅಧಿಕಾರದ ತಂತ್ರಾಂಶ ಅದನ್ನು ಮುಟ್ಟಲು ವಿಂಡೋಸ್ ಬಿಡುವುದಿಲ್ಲ. "ಈ ಆ್ಯಪ್‌ಗೆ ಬದಲಾವಣೆ ಮಾಡಲು ಬಿಡಬೇಕೇ" ಎಂದು ಕೇಳುವ ಪೆಟ್ಟಿಗೆಯೂ ಹಾಗೆಯೇ. ಅಲ್ಲಿರುವವರೇ ಎಸ್ ಒತ್ತಬೇಕು, ಇಲ್ಲವೇ ಆ ಕಡೆ ತಂತ್ರಾಂಶವನ್ನು ಸರಿಯಾಗಿ ಇನ್‌ಸ್ಟಾಲ್ ಮಾಡಿರಬೇಕು. ಮ್ಯಾಕ್ ಕಂಪ್ಯೂಟರಿನಲ್ಲಾದರೆ ಪ್ರೈವೆಸಿ ಸೆಟ್ಟಿಂಗಿನ ಆಕ್ಸೆಸಿಬಿಲಿಟಿ ಪಟ್ಟಿಯಲ್ಲಿ ತಂತ್ರಾಂಶಕ್ಕೆ ಅನುಮತಿ ಕೊಡುವವರೆಗೆ ಪರದೆ ಕಂಡರೂ ಮೌಸ್ ನಡೆಯದು. ಇದನ್ನು ಕಿರಿಕಿರಿ ಎಂದುಕೊಳ್ಳಬೇಡಿ, ಈ ಬಾಗಿಲು ಬೇಕು. ಯಾಕೆ ಎಂದು ಹೇಳುತ್ತೇನೆ.

ಬಾಣ ತಾನಾಗಿಯೇ ಓಡುತ್ತಿದೆ ಎಂದರೆ ಸಾಮಾನ್ಯ ಕಾರಣ, ಆ ಕಡೆಯವರೂ ಮೌಸ್ ಆಡಿಸುತ್ತಿರುವುದು. ವಿಂಡೋಸಿಗೆ ಬಾಣ ಒಂದೇ, ಹಿಡಿಯುವ ಕೈ ಎರಡಾದರೆ ಎಳೆದಾಟ. ಫೋನಿನಲ್ಲಿ ಮಾತಾಡಿ ಒಬ್ಬರು ಕೈ ಬಿಟ್ಟರೆ ಸಾಕು. ಆದರೆ ನೀವು ಯಾರನ್ನೂ ಒಳಗೆ ಬಿಟ್ಟಿಲ್ಲ, ಅಥವಾ ಬ್ಯಾಂಕಿನವರು ಎಂದು ಹೇಳಿಕೊಂಡ ಯಾರೋ ಆ್ಯಪ್ ಹಾಕಿಸಿ ಕೋಡ್ ಕೇಳಿದ್ದಾರೆ, ಆಮೇಲೆ ಬಾಣ ಓಡುತ್ತಿದೆ ಎಂದಾದರೆ, ಅದು ಸೆಟ್ಟಿಂಗ್ ಹುಡುಕುವ ಸಮಯವಲ್ಲ. ಮೊದಲು ನೆಟ್ ಕಿತ್ತುಹಾಕಿ: ವೈಫೈ, ಮೊಬೈಲ್ ಡೇಟಾ, ಕೇಬಲ್ ಎಲ್ಲವನ್ನೂ. ಆಮೇಲೆ ಬ್ಯಾಂಕಿಗೆ, ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಂಥ ಆ್ಯಪ್ ಹಾಕಿಸಿ ಯುಪಿಐ ಮೂಲಕ ಹಣ ಲಪಟಾಯಿಸುವುದರ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಇದನ್ನು ನಾನು ಅಮ್ಮಿಗೆ ಉರ್ದುವಿನಲ್ಲಿ ಎರಡು ಸಲ ಹೇಳಿದ್ದೇನೆ. ನಿಮ್ಮ ಮನೆಯಲ್ಲೂ ನಿಮ್ಮ ಮನೆಯ ಭಾಷೆಯಲ್ಲಿ ಹೇಳಿ. ಇಂಗ್ಲಿಷ್ ಸೂಚನೆಯನ್ನು ಯಾರೂ ಓದುವುದಿಲ್ಲ.

ಹಾಂ, ಫೋನಿನಿಂದ ಕಂಪ್ಯೂಟರ್ ನಡೆಸುವವರಿಗೆ ಒಂದು ಮಾತು. ಬೆರಳಿಟ್ಟ ಕಡೆ ಬಾಣ ಬರುತ್ತಿಲ್ಲ ಎಂದು ಪ್ರಥಮ ಪಿಯುಸಿಯ ಇಬ್ಬರು ಕೇಳಿದ್ದರು. ಆ್ಯಪ್ ಟಚ್‌ಪ್ಯಾಡ್ ರೀತಿಯಲ್ಲಿದ್ದರೆ ಬೆರಳು ಬಾಣವನ್ನು ತಳ್ಳುತ್ತದೆ ಅಷ್ಟೇ, ಇಟ್ಟ ಜಾಗಕ್ಕೆ ಕರೆಯುವುದಿಲ್ಲ. ಮೆನುವಿನಲ್ಲಿ ಟಚ್ ರೀತಿಗೆ ಬದಲಿಸಿ. ಆದರೆ ಟ್ಯಾಲಿಯಂಥ ಸಣ್ಣ ಅಕ್ಷರದ ಕೆಲಸಕ್ಕೆ ಟಚ್‌ಪ್ಯಾಡೇ ವಾಸಿ ಎಂಬುದು ನನ್ನ ಅನುಭವ.

ನನ್ನ ಎರಡು ಸಾವಿರ ಇನ್ನೂ ಬರುತ್ತಿದೆ. ಅಬ್ಬಾ ಈಗ ತಮ್ಮ ಫೋನಿನ ತೊಂದರೆಗಳನ್ನೂ ನನಗೇ ತರುತ್ತಾರೆ. ಹರಿಹರದಲ್ಲಿ ಲೆಕ್ಕದ ಕಂಪ್ಯೂಟರಿನ ಹಿಂದೆ ಗುಂಡಿ ಮುರಿದ ಮೌಸೊಂದು ಯುಎಸ್‌ಬಿಗೆ ಸಿಕ್ಕಿಕೊಂಡು ನೇತಾಡುತ್ತಿದೆ. ಅದರ ವೈರಿಗೆ ಚಾಚಾ ಸೆಲೋಟೇಪಿನಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ಅಂಗಡಿಯ ಹುಡುಗನಿಗೆ ಓದಲು ಬರುವುದು ಕನ್ನಡ, ಚಾಚಾಗೆ ಬಾಯಿಗೆ ಬರುವುದು ದಖನಿ. ಹಾಗಾಗಿ ಕನ್ನಡ ಅಕ್ಷರದಲ್ಲೇ ಬರೆದಿದ್ದಾರೆ: "ನಿಕಾಲೊ ನಕ್ಕೊ."