ದೊಡ್ಡಾಸ್ಪತ್ರೆ: ಎಂದು ಹೋಗಬೇಕು, ಏಕೆ ಹೋಗಬೇಕು?

ಮೈಸೂರಿನ ಯಾದವಗಿರಿಯಲ್ಲಿರುವ ನಮ್ಮ ಚಿಕಿತ್ಸಾಲಯಕ್ಕೆ ನಂಜನಗೂಡು, ತಿ. ನರಸೀಪುರ, ಹೆಗ್ಗಡದೇವನಕೋಟೆಗಳ ಕಡೆಯಿಂದ ಬರುವ ಭಕ್ತರಲ್ಲಿ ಹಲವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: “ಏನಾದರೂ ಕೊಡಿ, ದೊಡ್ಡಾಸ್ಪತ್ರೆಗೆ ಮಾತ್ರ ಬರೆದುಕೊಡಬೇಡಿ.” ಈ ಅಂಜಿಕೆಗೆ ಕಾರಣಗಳಿಲ್ಲದಿಲ್ಲ. ಉದ್ದನೆಯ ಸರದಿ, ಅಪರಿಚಿತ ವಾತಾವರಣ, ಒಬ್ಬರಾದ ಮೇಲೊಬ್ಬರು ಬಂದು ಕೇಳುವ ಪ್ರಶ್ನೆಗಳು ಯಾರನ್ನಾದರೂ ದಣಿಸುತ್ತವೆ. ಆದರೆ ಅಂಜಿಕೆಯಲ್ಲಿ ಕಳೆದ ದಿನಗಳು ರೋಗದ ಪಾಲಾಗುತ್ತವೆ. ಆದುದರಿಂದ ಬೋಧನಾ ಆಸ್ಪತ್ರೆ ಎಂದರೇನು, ಅಲ್ಲಿಗೆ ಯಾವಾಗ ಹೋಗಲೇಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ಒಂದು ಶತಮಾನದ ಪರಂಪರೆ

ಜನರು ದೊಡ್ಡಾಸ್ಪತ್ರೆ ಎಂದು ಕರೆಯುವುದು ಕೃಷ್ಣರಾಜೇಂದ್ರ ಆಸ್ಪತ್ರೆಯನ್ನು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ಕೃಷ್ಣರಾಜೇಂದ್ರ ಆಸ್ಪತ್ರೆಯೂ, ತಾಯಿ ಮಕ್ಕಳ ಆರೈಕೆಗೆ ಮೀಸಲಾದ ಚೆಲುವಾಂಬ ಆಸ್ಪತ್ರೆಯೂ ಆ ಕಾಲೇಜಿನ ವಿದ್ಯಾರ್ಥಿಗಳಿಗೆ ಪಾಠಶಾಲೆಗಳಾದವು. ಇಂದು ಈ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸಯ್ಯಾಜಿರಾವ್ ರಸ್ತೆಯಲ್ಲಿರುವ ನಮ್ಮ ಸರ್ಕಾರಿ ಆಯುರ್ವೇದ ಕಾಲೇಜಿನ ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸುವುದೂ ಅದೇ ವಿಶ್ವವಿದ್ಯಾಲಯ. ಪದ್ಧತಿಗಳು ಬೇರೆ, ರೋಗಿ ಒಬ್ಬನೇ.

ಬಹುಕಾಲ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ಹಾಸನ ಸೀಮೆಗಳ ಬಡವರಿಗೆ ಕಠಿಣ ಕಾಯಿಲೆ ಬಂದರೆ ಇದೇ ಕೊನೆಯ ಆಸರೆಯಾಗಿತ್ತು. ಇಲ್ಲಿ ಕಲಿತ ವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಹೋಗಿ ಕುಳಿತರು. ಎಷ್ಟೋ ಮಂದಿ ದೊಡ್ಡಾಸ್ಪತ್ರೆಯ ಮೆಟ್ಟಿಲನ್ನೇ ತುಳಿಯದೆ ಅದರ ಫಲವನ್ನು ಪಡೆದಿದ್ದಾರೆ.

ವಿದ್ಯಾರ್ಥಿಗಳು ಏಕೆ ನೋಡುತ್ತಾರೆ?

“ಅಲ್ಲಿ ಹುಡುಗರು ನಮ್ಮ ಮೇಲೆ ಕಲಿಯುತ್ತಾರೆ” ಎಂಬುದು ಸಾಮಾನ್ಯ ದೂರು. ವೈದ್ಯವಿದ್ಯೆ ಪುಸ್ತಕದಿಂದ ಮಾತ್ರ ಬರುವುದಲ್ಲ ಎಂಬುದನ್ನು ಸುಶ್ರುತಾಚಾರ್ಯರು ಬಹು ಹಿಂದೆಯೇ ಕಂಡುಕೊಂಡಿದ್ದರು. ಶಾಸ್ತ್ರ ಮಾತ್ರ ಬಲ್ಲವನನ್ನೂ ಕರ್ಮಾಭ್ಯಾಸ ಮಾತ್ರ ಬಲ್ಲವನನ್ನೂ ಅವರು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸಿದ್ದಾರೆ. ಶಿಷ್ಯನು ಕುಂಬಳ, ಸೋರೆ, ಸೌತೆಗಳ ಮೇಲೆ ಛೇದನವನ್ನೂ, ಬಟ್ಟೆಯ ಗೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನೂ ಅಭ್ಯಾಸ ಮಾಡಬೇಕೆಂದು ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ.

ಅಭ್ಯಾಸದ ಅನಂತರದ ಮೆಟ್ಟಿಲು ರೋಗಿಯ ಹಾಸಿಗೆಯ ಬಳಿ, ಗುರುಗಳ ಕಣ್ಣೆದುರಿನಲ್ಲಿ. ಬೋಧನಾ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯು ರೋಗದ ಪೂರ್ವವೃತ್ತಾಂತವನ್ನು ಕೇಳಿ ಬರೆದುಕೊಳ್ಳುತ್ತಾನೆ. ಸ್ನಾತಕೋತ್ತರ ವೈದ್ಯರು ಮರುಪರೀಕ್ಷಿಸುತ್ತಾರೆ. ಚಿಕಿತ್ಸೆಯ ಹೊಣೆ ವಿಭಾಗದ ಹಿರಿಯ ವೈದ್ಯರದು. ಒಂದೇ ಪ್ರಶ್ನೆಯನ್ನು ಮೂವರು ಕೇಳಿದಾಗ ಬೇಸರಪಡಬೇಡಿ. ಮೊದಲನೆಯವರಿಗೆ ಹೇಳಲು ಮರೆತದ್ದು ಮೂರನೆಯವರ ಮುಂದೆ ನೆನಪಾಗುವುದುಂಟು. ಆದರೆ ಸಂಕೋಚವೆನಿಸಿದರೆ ಬೇಡವೆನ್ನುವ ಹಕ್ಕು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕುವ ಮುನ್ನ ವಿವರ ಕೇಳುವ ಹಕ್ಕು ಬಡವನಿಗೂ ಉಂಟು.

ಕ್ಷಯ: ಮುಚ್ಚಿಡುವ ರೋಗವಲ್ಲ

ನಮ್ಮ ಯಾದವಗಿರಿಗೆ ಸಮೀಪದ ಕೃಷ್ಣರಾಜಸಾಗರ ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಯಿದೆ. ಇದೂ ವೈದ್ಯಕೀಯ ಕಾಲೇಜಿನ ಅಂಗಸಂಸ್ಥೆ. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಪುತ್ರಿಯರೂ ಕ್ಷಯಕ್ಕೆ ಬಲಿಯಾದರು. ಅವರ ನೆನಪಿನಲ್ಲಿ ನೂರು ವರ್ಷಗಳ ಹಿಂದೆ ಈ ಆಸ್ಪತ್ರೆ ಮೂಡಿತು. ಆಗ ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರಗಳೇ ಚಿಕಿತ್ಸೆಯಾಗಿದ್ದವು. ಕ್ಷಯದ ಮೇಲೆ ಕೆಲಸ ಮಾಡುವ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1940ರ ದಶಕದಲ್ಲಿ. ಅರಮನೆಯನ್ನೂ ಬಿಡದ ರೋಗವನ್ನು ನಮ್ಮ ಮನೆಗಳಲ್ಲಿ ಅವಮಾನವೆಂದು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಚರಕ ಸಂಹಿತೆ ರಾಜಯಕ್ಷ್ಮಕ್ಕೆ ನಾಲ್ಕು ಕಾರಣಗಳನ್ನು ಹೇಳುತ್ತದೆ: ಶಕ್ತಿ ಮೀರಿದ ದುಡಿಮೆ, ವೇಗಗಳ ತಡೆ, ಧಾತುಕ್ಷಯ, ಹೊತ್ತುಗೊತ್ತಿಲ್ಲದ ಊಟ. 1882ರಲ್ಲಿ ರಾಬರ್ಟ್ ಕಾಖ್ ಅವರು ರೋಗಾಣುವನ್ನು ತೋರಿಸಿದರು. ಇವೆರಡರಲ್ಲಿ ವಿರೋಧವಿಲ್ಲ. ಒಂದು ಹೊಲದ ಮಾತು, ಇನ್ನೊಂದು ಬೀಜದ ಮಾತು. ಹೊಲವನ್ನು ಹಸನು ಮಾಡಲು ಆಯುರ್ವೇದ ನೆರವಾಗಬಹುದು, ಆದರೆ ಬಿದ್ದ ಬೀಜವನ್ನು ಕೊಲ್ಲಲು ಕ್ಷಯನಿವಾರಕ ಔಷಧವೇ ಬೇಕು.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಕೆ, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಕಫ ಪರೀಕ್ಷೆ ಮಾಡಿಸಿರಿ. ಪರೀಕ್ಷೆಯೂ ಔಷಧಿಯೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿದ್ದುದು 2024ರ ನವೆಂಬರ್‌ನಿಂದ 1,000 ರೂಪಾಯಿಯಾಗಿದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಈ ಮಾತ್ರೆಗಳು ಯಕೃತ್ತಿನ ಮೇಲೆ ಭಾರ ಹಾಕಬಲ್ಲವು. ಹೀಗಾಗಿ ಆಸ್ಪತ್ರೆಯ ವೈದ್ಯರಿಗೆ ತಿಳಿಸದೆ ಯಾವ ಕಷಾಯ, ಲೇಹ್ಯ, ಭಸ್ಮವನ್ನೂ ಸೇವಿಸಬೇಡಿ. ಕಣ್ಣು ಹಳದಿಯಾದರೆ ಕೂಡಲೇ ಅವರಿಗೆ ತೋರಿಸಿರಿ.

ಮೊದಲು ಅಲ್ಲಿ, ಅನಂತರ ನಮ್ಮಲ್ಲಿ

ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಎಣ್ಣೆ ಹಚ್ಚಿಸಲು ನಮ್ಮಲ್ಲಿಗೆ ಕರೆತರುವವರಿದ್ದಾರೆ. ಪಕ್ಷಾಘಾತದಲ್ಲಿ ಮೊದಲ ಗಂಟೆಗಳು ಅಮೂಲ್ಯ. ಮೆದುಳಿನ ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದನ್ನು ಸಿ.ಟಿ. ಸ್ಕ್ಯಾನ್‌ನಂತಹ ಪರೀಕ್ಷೆ ಮಾತ್ರ ತಿಳಿಸಬಲ್ಲದು. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಫಲಕಾರಿ. ಅಭ್ಯಂಗ, ಸ್ವೇದನ, ಬಸ್ತಿಗಳಿಗೆ ಅಪಾಯ ಕಳೆದ ಮೇಲೆ ಧಾರಾಳವಾಗಿ ಸಮಯವಿದೆ.

ಹಾವಿನ ಕಡಿತವೂ ಹಾಗೆಯೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಪ್ರತಿವಿಷವಿದೆ. ಗದ್ದೆ, ಕಬ್ಬಿನ ಹೊಲಗಳಲ್ಲಿ ದುಡಿಯುವ ನಮ್ಮವರು ಮಂತ್ರಕ್ಕೂ ಬೇರಿಗೂ ಕಾಯದೆ, ಕಡಿದ ಅಂಗವನ್ನು ಅಲುಗಾಡಿಸದೆ, 108 ವಾಹನದಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೆರಳಬೇಕು. ಎದೆನೋವು, ಉಸಿರಾಟದ ತೊಂದರೆ, ಗರ್ಭಿಣಿಯ ರಕ್ತಸ್ರಾವಗಳಲ್ಲಿಯೂ ಇದೇ ನಿಯಮ.

ಎಲ್ಲದಕ್ಕೂ ದೊಡ್ಡಾಸ್ಪತ್ರೆ ಬೇಡ

ನೆಗಡಿಗೂ ಮೈಕೈ ನೋವಿಗೂ ಎಲ್ಲರೂ ಅಲ್ಲಿಗೇ ನುಗ್ಗಿದರೆ ಜೀವನ್ಮರಣಗಳ ನಡುವಿರುವವರ ಸರದಿ ಹಿಂದಾಗುತ್ತದೆ. ಮೊದಲು ಊರಿನ ಆರೋಗ್ಯ ಕೇಂದ್ರ, ಬಳಿಕ ತಾಲ್ಲೂಕು ಆಸ್ಪತ್ರೆ, ಅವರು ಬರೆದುಕೊಟ್ಟಾಗ ಬೋಧನಾ ಆಸ್ಪತ್ರೆ. ಈಗ ಮಂಡ್ಯ, ಹಾಸನಗಳಲ್ಲಿಯೂ, 2016ರಿಂದ ಕೊಡಗು, ಚಾಮರಾಜನಗರಗಳಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮೈಸೂರಿನಲ್ಲಿ 1984ರಲ್ಲಿ ಆರಂಭವಾದ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಮಾಡಿಸಿದ ಪರೀಕ್ಷೆಗಳ ವರದಿ, ನುಂಗುತ್ತಿರುವ ಮಾತ್ರೆಗಳು, ಆಧಾರ್ ಮತ್ತು ಪಡಿತರ ಚೀಟಿ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ನೆರವುಂಟು. ನಾವು ಕೊಟ್ಟ ಔಷಧಿಗಳ ಹೆಸರನ್ನೂ ಮರೆಮಾಚದೆ ಹೇಳಿರಿ. ಅದರಿಂದ ಆಯುರ್ವೇದಕ್ಕೆ ಕುಂದಿಲ್ಲ, ರೋಗಿಗೆ ರಕ್ಷೆಯುಂಟು.

ರೋಗಿಯನ್ನು ತನ್ನಲ್ಲೇ ಉಳಿಸಿಕೊಳ್ಳುವುದು ವೈದ್ಯನ ಕಾಯಕವಲ್ಲ, ರೋಗಿಯನ್ನು ಉಳಿಸುವುದು ಅವನ ಕಾಯಕ. ನಿಮ್ಮ ವೈದ್ಯರು, ಅವರು ಯಾವ ಪದ್ಧತಿಯವರೇ ಆಗಿರಲಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟ ದಿನವೇ ಹೊರಡಿ. ಹಬ್ಬ ಮುಗಿಯಲಿ, ಕುಯಿಲು ಮುಗಿಯಲಿ, ಜಾತ್ರೆ ಕಳೆಯಲಿ ಎಂದು ಕಾಯಬೇಡಿ.