ಹೊಣೆಯರಿತ ಖರೀದಿ ಎಂದರೇನು?

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಹಿಂದಿನ ದಿನವೇ ಕಟ್ಟಡದಲ್ಲಿ ಬಿರುಕುಗಳು ಕಂಡಿದ್ದವು. ಅಲ್ಲಿದ್ದ ಬ್ಯಾಂಕು ಬಾಗಿಲು ಮುಚ್ಚಿತು. ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಲಾಯಿತು.

ಈ ಪೈಕಿ ಎರಡು ಕಾರ್ಖಾನೆಗಳಲ್ಲಿ ಕಾರ್ಮಿಕರ ಸ್ಥಿತಿಗತಿಯ ತಪಾಸಣೆ ಮೊದಲೇ ನಡೆದಿತ್ತು. ಆದರೆ ಕಟ್ಟಡದ ಭದ್ರತೆ ಅದರ ವ್ಯಾಪ್ತಿಯಲ್ಲಿರಲಿಲ್ಲ.

ಮೇ ತಿಂಗಳಲ್ಲಿ ವಿದೇಶಿ ಉಡುಪು ಕಂಪನಿಗಳು ಮತ್ತು ಕಾರ್ಮಿಕ ಸಂಘಟನೆಗಳ ನಡುವೆ ಕಾನೂನುಬದ್ಧ ಒಪ್ಪಂದ ಏರ್ಪಟ್ಟಿತು. ಸ್ವತಂತ್ರ ತಜ್ಞರ ತಪಾಸಣೆ ಹಾಗೂ ವರದಿಗಳ ಬಹಿರಂಗ ಪ್ರಕಟಣೆಯ ಜೊತೆಗೆ ಮತ್ತೊಂದು ಷರತ್ತೂ ಅದರಲ್ಲಿತ್ತು: ಸುರಕ್ಷತೆಯ ವೆಚ್ಚವನ್ನು ಕಾರ್ಖಾನೆ ಭರಿಸಲು ಸಾಧ್ಯವಾಗುವಂತೆ ಖರೀದಿ ವ್ಯವಹಾರ ನಡೆಯಬೇಕು.

ಹೊಣೆಯರಿತ ಖರೀದಿಯ ತಿರುಳು ಇದೇ. ದರವನ್ನು ಹಿಂಡಿ, ಸುರಕ್ಷತೆಯ ಪ್ರಮಾಣಪತ್ರವನ್ನಷ್ಟೇ ಕೇಳಿದರೆ ಸಾಲದು.