ಕಾರಣವಿಲ್ಲದೆ ಹುಟ್ಟುವ ಜಾಮ್

ರಾಣೆಬೆನ್ನೂರಿಂದ ಹಾವೇರಿಗೆ ಹೊರಟಿದ್ದೀರಿ.
ರಾಷ್ಟ್ರೀಯ ಹೆದ್ದಾರಿ 48.
ಮೋಟೆಬೆನ್ನೂರು ಹತ್ತಿರ ಗಾಡಿಗಳೆಲ್ಲ ಗಕ್ಕನೆ ನಿಂತವು.
ಸ್ವಲ್ಪ ಹೊತ್ತಿಗೆ ದಾರಿ ಖಾಲಿ!
ಅಪಘಾತ ಕಾಣಲಿಲ್ಲ, ಕಾಮಗಾರಿಯೂ ಇಲ್ಲ.
ಹಾಗಾದ್ರೆ ಜಾಮ್ ಆಗಿದ್ದು ಯಾಕೆ?

ಬ್ಯಾಡಗಿ ಮೆಣಸಿನಕಾಯಿ ಸೀಸನ್ ಅಂದ್ಕೊಳ್ಳಿ.
ರಸ್ತೆ ತುಂಬ ಚೀಲ ಹೇರಿದ ಲಾರಿಗಳು.
ಒಬ್ಬ ಡ್ರೈವರ್ ಒಂಚೂರು ಬ್ರೇಕ್ ಒತ್ತಿದ.
ಹಿಂದಿನವನು ಇನ್ನೂ ಜೋರಾಗಿ ಒತ್ತಿದ.
ಅವನ ಹಿಂದಿನವನು?
ನಿಂತೇಬಿಟ್ಟ.

ಮನೆಗೆ ಸ್ಲ್ಯಾಬ್ ಹಾಕುವಾಗ
ಕಾಂಕ್ರೀಟ್ ಬುಟ್ಟಿ ಕೈಯಿಂದ ಕೈಗೆ ದಾಟುತ್ತಲ್ಲ,
ಹಾಗೇ ಆ ಬ್ರೇಕು ಹಿಂದಕ್ಕೆ ದಾಟ್ತಾ ಹೋಗುತ್ತೆ.
ಗಾಡಿ ಮುಂದಕ್ಕೆ, ಜಾಮ್ ಹಿಂದಕ್ಕೆ.
ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ!

1992ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ನಾಗೆಲ್ ಮತ್ತು ಶ್ರೆಕೆನ್‌ಬರ್ಗ್
ಇದನ್ನ ಕಂಪ್ಯೂಟರಿಗೆ ಇಳಿಸಿದರು, ಪ್ರತಿ ಗಾಡಿಗೂ ಕೆಲವು ನಿಯಮ ಕೊಟ್ಟು.
ಜಾಗ ಇದ್ರೆ ವೇಗ ಹೆಚ್ಚಿಸು.
ಇಲ್ದಿದ್ರೆ ತಗ್ಗಿಸು.
ಮೂರನೇ ನಿಯಮ ನನಗೆ ತುಂಬ ಇಷ್ಟ:
ಆಗಾಗ, ಕಾರಣವೇ ಇಲ್ಲದೆ, ನಿಧಾನ ಮಾಡು.
ಯಾವ ಗಾಡಿ, ಯಾವ ಕ್ಷಣ? ಅದು ಸಂಭವನೀಯತೆಯ ಲೆಕ್ಕ.
ಮನುಷ್ಯ ಸ್ಟೇರಿಂಗ್ ಹಿಡಿದರೆ ಹೀಗೇ ಅಲ್ವಾ?

ಜಪಾನಿನಲ್ಲಿ ನಿಜವಾದ 22 ಕಾರುಗಳನ್ನೇ ದುಂಡಗೆ ಓಡಿಸಿ ನೋಡಿದರು.
ಎಲ್ಲರೂ ಒಂದೇ ವೇಗದಲ್ಲಿ ಹೋಗಬೇಕಿತ್ತು.
ಅಡ್ಡಿ ಒಂದೂ ಇರಲಿಲ್ಲ.
ಆದ್ರೂ ಜಾಮ್ ಆಯ್ತು.

ಹಾಗಾಗಿ ಮುಂದಿನ ಲಾರಿಯಿಂದ ಒಂದಿಷ್ಟು ದೂರ ಇರಿ.
ಅವನು ಬ್ರೇಕ್ ಮುಟ್ಟಿದರೂ
ನೀವು ಜೋರಾಗಿ ಒತ್ತಬೇಕಾಗಲ್ಲ.